ಎಂಬತ್ತು ಎಡತೋಳು

ಗಂಡ ಬಿಸಿಬಿಸಿ ಬಡಿಸಿದ ಅನ್ನವನ್ನು ಮಾಸ್ಟರಮ್ಮ ಮುಟ್ಟದೆ ಕೂತದ್ದು ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಎರಡನೆಯ ಸಲ. ಮೊದಲ ಸಲ ಹಲ್ಲುನೋವಿತ್ತು. ಈ ಸಲ ಹಲ್ಲು ಚೆನ್ನಾಗಿಯೇ ಇತ್ತು.

"ಮೆಷಿನ್ ಬಂತು," ಎಂದಳು.

"ಎಂಥ ಮೆಷಿನ್ನಮ್ಮಾ?" ಮಗ ತಟ್ಟೆಯಿಂದ ತಲೆ ಎತ್ತದೆ ಕೇಳಿದ.

"ಬಟ್ಟೆ ಕತ್ತರಿಸೋದು. ಕಂಪ್ಯೂಟರಿಂದು. ನನ್ನ ಮೇಜಿನ ಪಕ್ಕದಲ್ಲೇ ತಂದು ನಿಲ್ಲಿಸಿದಾರೆ, ಸವತಿ ತಂದು ಕೂರಿಸಿದ ಹಾಗೆ."

ಮಾಸ್ಟರಮ್ಮ ಎಂದರೆ ಶಾಲೆಯ ಮೇಡಮ್ಮು ಎಂದುಕೊಳ್ಳಬೇಡಿ. ಸಮವಸ್ತ್ರ ಹೊಲಿಯುವ ದೊಡ್ಡ ಅಂಗಡಿಯಲ್ಲಿ ಆಕೆ ಕಟಿಂಗ್ ಮಾಸ್ಟರ್. ಅವಳು ಕತ್ತರಿಸಿಕೊಟ್ಟದ್ದನ್ನು ಇಪ್ಪತ್ತು ಮಂದಿ ಹೊಲಿಯುತ್ತಿದ್ದರು. ಅವಳು ರಜೆ ಹಾಕಿದರೆ ಇಪ್ಪತ್ತು ಹೊಲಿಗೆ ಯಂತ್ರಗಳೂ ಸುಮ್ಮನಾಗುತ್ತಿದ್ದವು, ಹಾಗಾಗಿ ಅವಳು ರಜೆ ಹಾಕುತ್ತಲೇ ಇರಲಿಲ್ಲ. ಗಂಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಬೀದಿಗೆಲ್ಲ ಅವನು ಕ್ಯಾಂಟೀನಣ್ಣ. ಮುನ್ನೂರು ಜನರಿಗೆ ಬೇಯಿಸಿದ ಕೈ ಈಗ ನಾಲ್ಕು ಜನರಿಗೆ ಬೇಯಿಸುತ್ತಿತ್ತು. ಒಲೆ ಅವನದು, ಕತ್ತರಿ ಇವಳದು ಎಂಬ ಒಪ್ಪಂದವನ್ನು ಯಾರೂ ಬಾಯಿಬಿಟ್ಟು ಮಾಡಿಕೊಂಡದ್ದಲ್ಲ, ತಾನಾಗಿ ಆದದ್ದು. ಮಾಸ್ಟರಮ್ಮನಿಗೆ ನೀರು ಕಾಯಿಸಲು ಬರುತ್ತಿತ್ತು. ಅದರಾಚೆಗೆ ಒಲೆಯ ವಿಚಾರದಲ್ಲಿ ಅವಳು ಅತಿಥಿ.

"ಮಾಲೀಕ ಕರೆದು ಹೇಳಿದ. ಆ ಮೆಷಿನ್ನಿಗೆ ಏನು ಮಾಡಬೇಕು ಅಂತ ಸಾಲು ಸಾಲಾಗಿ ಬರೆದು ಕೊಡಬೇಕಂತೆ. ಪ್ರೋಗ್ರಾಮ್ ಅಂತೆ. ಆರು ವಾರದಲ್ಲಿ ಕಲಿತರೆ ಅದೂ ನಂದೇ. ಇಲ್ಲಾಂದ್ರೆ ಹೊರಗಿಂದ ಯಾರನ್ನೋ ಕರೆಸ್ತಾನಂತೆ, ನನ್ನ ಪ್ಯಾಕಿಂಗಿಗೆ ಹಾಕ್ತಾನಂತೆ."

"ಪ್ಯಾಕಿಂಗ್ ಒಳ್ಳೇದೇ ಅಲ್ವಾ? ಕೂತು ಮಾಡೋ ಕೆಲಸ. ನಿನ್ನ ಮಂಡಿನೋವಿಗೂ..." ಮಗ ವೈರಿಂಗ್ ಕೆಲಸದವನು. ಎಲ್ಲ ತೊಂದರೆಯನ್ನೂ ಒಂದು ಫ್ಯೂಸ್ ಬದಲಾಯಿಸಿ ಸರಿಮಾಡಬಹುದೆಂದು ಅವನ ನಂಬಿಕೆ.

"ಮೂವತ್ತು ವರ್ಷ ಕತ್ತರಿಸಿದ ಕೈ ಕಣೋ ಇದು. ಇನ್ನು ಮೇಲೆ ಅಂಗಿ ಮಡಚಿ ಗುಂಡುಸೂಜಿ ಚುಚ್ಚಬೇಕಾ?"

ಮೂವರೂ ನೋಡಿದ್ದು ಸೊಸೆಯ ಕಡೆಗೆ. ಅವಳ ಕೆಲಸವೇ ಅದು. ಪ್ರತಿದಿನ ಸಂಜೆ ಒಂದು ತರಬೇತಿ ಕೇಂದ್ರದಲ್ಲಿ, ಕಂಪ್ಯೂಟರ್ ಮುಖ ನೋಡಿರದವರನ್ನು ಕೂರಿಸಿಕೊಂಡು ಪ್ರೋಗ್ರಾಮ್ ಬರೆಯುವುದನ್ನು ಹೇಳಿಕೊಡುತ್ತಿದ್ದಳು. ಡಬ್ಬಿ, ಚಹಾ, ಬಸ್ಸಿನ ಸಾಲು ಎಂದು ದಿನಬಳಕೆಯ ಉದಾಹರಣೆಗಳಲ್ಲೇ ಎಲ್ಲವನ್ನೂ ತಿಳಿಸುತ್ತಾಳೆಂದು ಅವಳಿಗೆ ಅಲ್ಲಿ ಒಳ್ಳೆಯ ಹೆಸರಿತ್ತು. ಅಂಥ ಉದಾಹರಣೆಗಳ ಒಂದು ದಪ್ಪ ನೋಟುಪುಸ್ತಕವೂ ಇತ್ತು.

"ನಾನು ಹೇಳಿಕೊಡ್ಲಾ ಅತ್ತೆ?" ಎಂದಳು, ಲೋಟದೊಳಗೆ ನೋಡುತ್ತ.

"ನೋಡೋಣ," ಎಂದಳು ಅತ್ತೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಇಷ್ಟು ಅಳೆದು ತೂಗಿ ಮಾತಾಡುವುದಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ, ಸೊಸೆ ಈ ಮನೆಗೆ ಬಂದ ಮೊದಲ ವಾರ, ಅಡುಗೆಮನೆಯ ಕಪಾಟಿಗೆ ಹಾಸಲು ಹಳೆಯ ಪತ್ರಿಕೆಗಳನ್ನು ಅಳತೆಗೆ ಕತ್ತರಿಸಿದ್ದಳು. ಕತ್ತರಿಸಿದ್ದು ಮಾಸ್ಟರಮ್ಮನ ದೊಡ್ಡ ಕತ್ತರಿಯಿಂದ. ಬಟ್ಟೆಯ ಕತ್ತರಿ ಕಾಗದ ಕಂಡರೆ ಮೊಂಡಾಗುತ್ತದೆ, ಇದು ಹೊಲಿಗೆಯವರ ಮನೆಯ ಕೂಸಿಗೂ ಗೊತ್ತು. ಮಾಸ್ಟರಮ್ಮ ಕೆಲಸದಿಂದ ಬಂದವಳು ಅದನ್ನು ನೋಡಿ, ನೆಂಟರು ಕೂತಿದ್ದಾರೆಂಬುದನ್ನೂ ಮರೆತು ಕೂಗಿದಳು: "ಅಷ್ಟೂ ಗೊತ್ತಾಗಲ್ವಾ?" ಸೊಸೆ ಕ್ಷಮೆ ಕೇಳಿದಳು, ಕಪಾಟಿನಿಂದ ಕಾಗದವನ್ನೆಲ್ಲ ತೆಗೆದು ಮಡಚಿಟ್ಟಳು. ಅಂದಿನಿಂದ ಅತ್ತೆಯ ಒಂದು ಸೂಜಿಯನ್ನೂ ಮುಟ್ಟಿದವಳಲ್ಲ. ಜಗಳವೂ ಆಡಲಿಲ್ಲ. ಇಬ್ಬರೂ ಒಂದೇ ಕೋಣೆಯ ಬಾಡಿಗೆದಾರರಂತೆ ಮರ್ಯಾದೆಯಿಂದ ಇದ್ದರು, ಮತ್ತು ಆ ಮರ್ಯಾದೆ ಮನೆಯಲ್ಲಿ ಎಲ್ಲರಿಗೂ ಭಾರವಾಗಿತ್ತು.

ಪಾಠ ಮರುದಿನ ಬೆಳಗ್ಗೆ ಊಟದ ಮೇಜಿನ ಮೇಲೆ ಶುರುವಾಯಿತು.

"ಪ್ರೋಗ್ರಾಮ್ ಅಂದ್ರೆ ಏನೂ ಇಲ್ಲ ಅತ್ತೆ. ಚಹಾ ಮಾಡೋದು ಹೇಗೆ ಅಂತ ಒಬ್ಬರಿಗೆ ಹಂತ ಹಂತವಾಗಿ ಹೇಳಿದ ಹಾಗೆ. ಮೊದಲು ಏನು ಮಾಡ್ತೀರಿ?"

"ಇವರನ್ನ ಕೂಗ್ತೀನಿ," ಎಂದಳು ಮಾಸ್ಟರಮ್ಮ, ಒಳಗಿದ್ದ ಗಂಡನ ಕಡೆ ಕೈ ಮಾಡಿ.

ಸೊಸೆಗೆ ನಗು ಬಂತು. ನುಂಗಿಕೊಂಡಳು. "ಹೋಗಲಿ. ಹಾಲು ಉಕ್ಕಿದರೆ?"

"ಆಗ ಇನ್ನೂ ಜೋರಾಗಿ ಕೂಗ್ತೀನಿ."

"ಉಕ್ಕಿದರೆ ಉರಿ ಸಣ್ಣ ಮಾಡಬೇಕು, ಉಕ್ಕದಿದ್ದರೆ ಕಲಕ್ತಾ ಇರಬೇಕು!" ಒಳಗಿನಿಂದ ಕ್ಯಾಂಟೀನಣ್ಣನ ಉತ್ತರ ಬಂತು.

"ಸರಿಯಾಗಿ ಹೇಳಿದ್ರಿ ಮಾವ! ಅದೇ ಷರತ್ತು. ಉಕ್ಕೋವರೆಗೂ ಕಲಕ್ತಾ ಇರೋದಿದೆಯಲ್ಲ, ಅದು ಲೂಪು."

ಮಾರನೆಯ ದಿನ ಡಬ್ಬಿಗಳ ಪಾಠ. ಸೊಸೆ ಕಪಾಟಿನಿಂದ ಮೂರು ಡಬ್ಬಿ ತಂದು ಸಾಲಾಗಿ ಇಟ್ಟಳು. "ಡಬ್ಬಿ ಮೇಲೆ ಒಂದು ಹೆಸರು, ಒಳಗೆ ಒಂದು ಪದಾರ್ಥ. ಹೆಸರು ಹೇಳಿದರೆ ಸಾಕು, ಒಳಗಿರೋದು ಸಿಗತ್ತೆ. ಇದರ ಮೇಲೆ ಸಕ್ಕರೆ ಅಂತ ಬರೆದಿದೆ. ಒಳಗೆ ಏನಿದೆ ಹೇಳಿ?"

"ಮೊಳೆ."

ತೆರೆದು ನೋಡಿದರೆ ಮೊಳೆಯೇ. ಬಿಸ್ಕತ್ತಿನ ಡಬ್ಬಿಯಲ್ಲಿ ಬೇಳೆ ಇತ್ತು, ಕಾಫಿ ಡಬ್ಬಿಯಲ್ಲಿ ಗುಂಡಿಗಳಿದ್ದವು.

"ಡಬ್ಬಿ ಮೇಲಿರೋದಕ್ಕೂ ಒಳಗಿರೋದಕ್ಕೂ ಈ ಮನೇಲಿ ಯಾವತ್ತು ಸಂಬಂಧ ಇತ್ತು?" ಎಂದು ಮಗ ಟೂಲ್ ಚೀಲ ಹೆಗಲಿಗೆ ಹಾಕಿಕೊಂಡು ಹೊರಟ.

ಹೀಗೆ ಎರಡು ವಾರ ಕಳೆಯಿತು. ಈ ಅವಧಿಯಲ್ಲಿ ಪ್ರೋಗ್ರಾಮಿಂಗ್ ಕಲಿತವನು ಕ್ಯಾಂಟೀನಣ್ಣ. ಅನ್ನಕ್ಕೆ ನೀರಿಡುವಾಗ, "ಅಕ್ಕಿ ಲೋಟ ಎಷ್ಟೋ ಅದರ ಎರಡರಷ್ಟು ನೀರು, ಜನ ಹೆಚ್ಚಾದರೆ ಲೋಟ ಬದಲಿಸು, ಸಾಲು ಬದಲಿಸಬೇಡ," ಎಂದು ತನ್ನಷ್ಟಕ್ಕೇ ಹೇಳಿಕೊಳ್ಳತೊಡಗಿದ. ಮಾವನ ತಲೆ ಎಷ್ಟು ಚುರುಕು ಎಂದು ಸೊಸೆ ಮೆಚ್ಚಿ ಹೇಳಿದ ಬೆಳಗ್ಗೆಯೇ ಮಾಸ್ಟರಮ್ಮನ ಸಹನೆ ಮುಗಿಯಿತು.

"ಸಾಕು ನಿಲ್ಲಿಸಮ್ಮ. ಎರಡು ವಾರದಿಂದ ಒಲೆ, ಡಬ್ಬಿ, ಸೌಟು. ಹೆಂಗಸು ಅಂದ ತಕ್ಷಣ ಒಲೆ ಮುಂದೆ ಕೂರಿಸಿಬಿಡೋದಾ?"

"ಅಯ್ಯೋ, ನಾನು ಹಾಗಂದ್ಕೊಳ್ಳಲಿಲ್ಲ ಅತ್ತೆ. ನನ್ನ ಕ್ಲಾಸಲ್ಲಿ ಗಂಡಸರಿಗೂ ಇದೇ ಹೇಳೋದು. ಎಲ್ಲರಿಗೂ ಗೊತ್ತಿರತ್ತಲ್ಲ ಅಂತ."

"ನನಗೆ ಗೊತ್ತಿಲ್ಲವಲ್ಲ! ಈಗ ಎರಡೆರಡು ಕಲೀಬೇಕು ನಾನು. ಮೊದಲು ಚಹಾ, ಆಮೇಲೆ ಕಂಪ್ಯೂಟರು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದ ಗಂಡ ನಗುತ್ತ. ನಗುವ ಹೊತ್ತಲ್ಲ ಅದು. ಮಾಸ್ಟರಮ್ಮ ತಿಂಡಿ ಬಿಟ್ಟು ಎದ್ದಳು. ಸೊಸೆ ನೋಟುಪುಸ್ತಕ ಮುಚ್ಚಿದಳು. ನಾಲ್ಕು ದಿನ ಪಾಠವಿಲ್ಲ, ಮತ್ತೆ ಅದೇ ಮರ್ಯಾದೆ.

ಐದನೆಯ ದಿನ ಮಾಸ್ಟರಮ್ಮ ಊಟದ ಡಬ್ಬಿ ಮರೆತು ಹೋಗಿದ್ದಳು. ಮರೆತದ್ದೋ, ಕೋಪಕ್ಕೆ ಬಿಟ್ಟದ್ದೋ, ಗಂಡ ವಿಚಾರಿಸಲು ಹೋಗಲಿಲ್ಲ. ಮಂಡಿ ಹಿಡಿದುಕೊಂಡಿದೆಯೆಂದು ನೆವ ಹೇಳಿ ಸೊಸೆಯ ಕೈಲಿ ಡಬ್ಬಿ ಕಳಿಸಿದ. ಮಂಡಿನೋವು ಹೆಂಡತಿಯದು, ಅವನದಲ್ಲ.

ಮೂರು ವರ್ಷದಲ್ಲಿ ಸೊಸೆ ಆ ಅಂಗಡಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಹೊಲಿಗೆ ಯಂತ್ರಗಳ ಸದ್ದಿನ ನಡುವೆ, ಟ್ಯೂಬ್ ಲೈಟಿನ ಕೆಳಗೆ, ಅತ್ತೆ ಉದ್ದ ಮೇಜಿನ ಮುಂದೆ ನಿಂತಿದ್ದಳು. ಕೊರಳಲ್ಲಿ ಟೇಪು, ಕೈಯಲ್ಲಿ ಸೀಮೆಸುಣ್ಣದ ಬಿಲ್ಲೆ. ಗುಂಡಿ ತೂರಲು ಕಾಜಾ ಹಾಕುವ ಹೆಂಗಸು ಪಕ್ಕದಲ್ಲಿ ನಿಂತು ಅಳತೆ ಚೀಟಿ ಓದುತ್ತಿದ್ದಳು.

"ಎದೆ ಮೂವತ್ತಾರು."

"ನಾಲ್ಕರಲ್ಲೊಂದು ಒಂಬತ್ತು, ಮೇಲೆ ಒಂದೂವರೆ, ಹತ್ತೂವರೆ," ಎನ್ನುವಷ್ಟರಲ್ಲಿ ಗೆರೆ ಎಳೆದಾಗಿತ್ತು.

"ಎದೆ ನಲವತ್ತು."

"ಹತ್ತು, ಒಂದೂವರೆ, ಹನ್ನೊಂದೂವರೆ." ಗೆರೆಯ ಹಿಂದೆಯೇ ಕತ್ತರಿ ಮೇಜು ಬಿಟ್ಟು ಏಳದೆ ಓಡಿತು.

"ಕಾಜಾ ಎಷ್ಟು ಹಾಕಲಿ ಮಾಸ್ಟರಮ್ಮಾ?"

"ಎಷ್ಟು ಅಂತ ಕೇಳಬೇಡವೇ. ಕಾಲರಿಂದ ಶುರು ಮಾಡು, ಮೂರಿಂಚಿಗೊಂದು, ಅಂಚು ಬರೋವರೆಗೂ ಹಾಕ್ತಾ ಹೋಗು."

ಸೊಸೆ ಊಟದ ಡಬ್ಬಿ ಎದೆಗವಚಿಕೊಂಡು ಹಾಗೇ ನಿಂತುಬಿಟ್ಟಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತಲ್ಲ, ಹಾಗಾಗಿತ್ತು ಅವಳ ಕಥೆ.

"ಅತ್ತೆ," ಎಂದಳು, "ನಿಮಗೆ ಎಲ್ಲಾ ಬರತ್ತೆ."

"ಏನು ಬರತ್ತೆ?"

"ಈಗ ಅಂದ್ರಲ್ಲ, ಎದೆ ಅಂತ. ಎದೆ ಅನ್ನೋದು ಹೆಸರು. ಅದರಲ್ಲಿ ಒಂದು ಸಲ ಮೂವತ್ತಾರು, ಒಂದು ಸಲ ನಲವತ್ತು. ನಾಲ್ಕರಲ್ಲೊಂದು ಭಾಗ, ಕೂಡಿಸು ಒಂದೂವರೆ. ಅಂಚು ಬರೋವರೆಗೂ ಮೂರಿಂಚಿಗೊಂದು ಅಂದ್ರಲ್ಲ, ಅದೇ ಲೂಪು!"

ಮಾಸ್ಟರಮ್ಮ ಸೀಮೆಸುಣ್ಣ ಕೆಳಗಿಟ್ಟಳು. "ಇಷ್ಟೇನಾ? ಇದಕ್ಕೆ ಎರಡು ವಾರ ಸಕ್ಕರೆ ಡಬ್ಬಿ ತೋರಿಸಿದೆಯಾ?"

ಆ ಸಂಜೆ ಸೊಸೆ ಕ್ಲಾಸು ಮುಗಿಸಿ ಬರುವಷ್ಟರಲ್ಲಿ ಮೇಜಿನ ಮೇಲೆ ಪಾತ್ರೆ ಇರಲಿಲ್ಲ, ಅಳತೆ ಪುಸ್ತಕವಿತ್ತು. ಅಲ್ಲಿಂದ ಮುಂದೆ ಕಲಿಕೆ ಓಡಿತು. ಬಟ್ಟೆ ಸಾಲದಿದ್ದರೆ ಕತ್ತರಿಸಬೇಡ, ಕೇಳು ಎಂಬುದು ಷರತ್ತಾಯಿತು. ರಟ್ಟಿನ ಮಾದರಿಯೊಂದನ್ನು ಮಾಡಿಟ್ಟುಕೊಂಡು ಬೇಕೆಂದಾಗ ಹೆಸರು ಹಿಡಿದು ಕರೆಯುವುದು ಫಂಕ್ಷನ್ ಆಯಿತು. ಮಾಸ್ಟರಮ್ಮ ಸೊಸೆಯ ಲ್ಯಾಪ್‌ಟಾಪಿನಲ್ಲಿ ಒಂದು ಬೆರಳಿನಿಂದ ಕೀಲಿ ಒತ್ತುತ್ತಿದ್ದಳು, ಆದರೆ ಒತ್ತಿದ್ದು ತಪ್ಪುತ್ತಿರಲಿಲ್ಲ. ಈಗ ಹಿಂದುಳಿದವನು ಕ್ಯಾಂಟೀನಣ್ಣ. "ನನ್ನ ಬಿಟ್ಟು ಮುಂದಕ್ಕೆ ಹೋಗಿಬಿಟ್ಟಿರಿ," ಎಂದು ಗೊಣಗುತ್ತ ತಾನೇ ಪಾತ್ರೆ ತೊಳೆದ. ಊಟದ ಹೊತ್ತಿಗೆ ಅತ್ತೆಸೊಸೆ ಇಬ್ಬರೂ ಒಂದೇ ಸಲಕ್ಕೆ ಮಾತಾಡುವುದನ್ನು ಮಗ ಅಚ್ಚರಿಯಿಂದ ನೋಡಿದ, ಬಾಯಿ ಹಾಕಿ ಕೆಡಿಸುವುದು ಬೇಡವೆಂದು ಸುಮ್ಮನೆ ಉಂಡ.

ಐದನೆಯ ವಾರದ ಶನಿವಾರ ಪರೀಕ್ಷೆ. ಕಾವಲುಗಾರರ ಜಾಕೀಟು, ನಲವತ್ತು. ದಪ್ಪ ಬಟ್ಟೆ, ಒಂದು ಮೈ ಹೊಳಪು, ಇನ್ನೊಂದು ಮೈ ಮಬ್ಬು. "ಮೊದಲು ತೋಳು ಮಾತ್ರ ಕತ್ತರಿಸಿ ನೋಡೋಣ," ಎಂದ ಮಾಲೀಕ. ಮಾಸ್ಟರಮ್ಮ ತಾನೇ ಬರೆದದ್ದನ್ನು ಯಂತ್ರಕ್ಕೆ ಕೊಟ್ಟು ಗುಂಡಿ ಒತ್ತಿದಳು. ಅಲಗು ಸರಸರನೆ ಓಡಿತು. ತೋಳಿನ ಮೇಲಿನ ಬಾಗು ಎಲ್ಲೂ ಒಂದು ನೂಲು ಆಚೀಚೆಯಾಗಿರಲಿಲ್ಲ. ಎಂಬತ್ತು ತುಂಡು ಜೋಡಿಸಿಟ್ಟಾಗ ಕಾಜಾದವಳು ಚಪ್ಪಾಳೆ ತಟ್ಟಿದಳು. ಮಾಲೀಕ ಎಲ್ಲರಿಗೂ ಚಹಾ ಹೇಳಿದ.

ಚಹಾ ಬರುವ ಮೊದಲು ತೋಳು ಕೂರಿಸುವವಳು ಎರಡು ತುಂಡು ಹಿಡಿದುಕೊಂಡು ಎದ್ದು ಬಂದಳು. "ಮಾಸ್ಟರಮ್ಮಾ, ಬಲಗೈದು ಎಲ್ಲಿ?"

"ಅದರಲ್ಲೇ ಇದೆ ನೋಡೇ."

"ನೋಡಿದೆ. ಎಲ್ಲಾ ಎಡಗೈದೇ."

ಮಾಸ್ಟರಮ್ಮ ಒಂದೊಂದೇ ತುಂಡು ಎತ್ತಿ ಹೊಳಪಿನ ಮೈ ಮೇಲೆ ಮಾಡಿ ಇಟ್ಟಳು. ಹತ್ತು, ಇಪ್ಪತ್ತು, ನಲವತ್ತು. ಎಲ್ಲವೂ ಎಡತೋಳು. ಮಗುಚಿ ಹಾಕೋಣವೆಂದರೆ ಮಬ್ಬು ಮೈ ಹೊರಗೆ ಬರುತ್ತದೆ. ಮೂವತ್ತು ವರ್ಷ ಅವಳು ಬಟ್ಟೆಯನ್ನು ಎರಡು ಪದರ ಮಡಚಿಯೇ ಕತ್ತರಿಸಿದವಳು. ಮಡಚಿದ ಬಟ್ಟೆಯಲ್ಲಿ ಒಂದು ಸಲ ಕತ್ತರಿ ಓಡಿಸಿದರೆ ಎಡವೂ ಬಲವೂ ಒಟ್ಟಿಗೆ ಹುಟ್ಟುತ್ತವೆ. ಯಂತ್ರ ಒಂದೇ ಪದರ ಹಾಸಿಕೊಂಡಿತ್ತು. ಅದು ಕಣ್ಣಿಗೆ ಕಾಣುತ್ತಲೇ ಇತ್ತು, ಆದರೂ ಅವಳಿಗೆ ಹೊಳೆದಿರಲಿಲ್ಲ. ಬಲತೋಳು ಬೇಕೆಂದು ಬೇರೆ ಹೇಳಬೇಕಾದೀತೆಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

ಮಾಲೀಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸೋಮವಾರ ನೋಡೋಣ ಮಾಸ್ಟರಮ್ಮ," ಎಂದ. "ಆಗಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಪ್ಯಾಕಿಂಗಲ್ಲಿ ಜಾಗ ಇಟ್ಟಿದೀನಿ."

ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಸೊಸೆಯ ಮೇಲೆ ಹರಿಹಾಯ್ದಳು. "ಬಟ್ಟೆ ಒಂದೇ ಪದರ ಇರತ್ತೆ, ಬಲಗೈ ಬೇರೆ ಬರೀಬೇಕು ಅಂತ ನೀನು ಯಾಕೆ ಹೇಳಲಿಲ್ಲ?"

"ನೀವು ಮಡಚಿ ಕತ್ತರಿಸ್ತೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು ಅತ್ತೆ? ಒಂದು ತೋಳು ಬರೆದ್ರಿ, ಜಾಕೀಟಿಗೆರಡು ಅಂದ್ರಿ. ನನ್ನ ಕಣ್ಣಿಗೆ ಎರಡೂ ತೋಳು ಒಂದೇ."

"ಮಡಚೋದನ್ನೂ ಹೇಳಬೇಕಾ? ಅದು ಯಾರಿಗಾದ್ರೂ ಗೊತ್ತಿರತ್ತೆ!"

ಸೊಸೆ ಕೈಯಲ್ಲಿದ್ದ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅವಳ ದನಿ ಏರಲಿಲ್ಲ.

"ಕತ್ತರಿ ವಿಷಯಕ್ಕೂ ಅವತ್ತು ಹೀಗೇ ಅಂದ್ರಿ. ಅಷ್ಟೂ ಗೊತ್ತಾಗಲ್ವಾ ಅಂತ. ನನಗೆ ಗೊತ್ತಿರಲಿಲ್ಲ ಅತ್ತೆ. ನಮ್ಮ ಮನೇಲಿ ಇದ್ದದ್ದು ಒಂದೇ ಕತ್ತರಿ. ಅದರಲ್ಲೇ ಕಾಗದ, ಅದರಲ್ಲೇ ಉಗುರು, ಅದರಲ್ಲೇ ಹಾಲಿನ ಪ್ಯಾಕೆಟ್ಟು. ಕಪಾಟು ಚೆನ್ನಾಗಿ ಕಾಣ್ಲಿ, ನಿಮಗೆ ಇಷ್ಟ ಆಗ್ಲಿ ಅಂತ ಮಾಡಿದ್ದೆ ಅವತ್ತು."

ಅಷ್ಟು ಹೇಳಿ ಒಳಗೆ ಹೋದಳು. ಮಗ ಹಿಂದೆಯೇ ಹೋದ. ಮಾಸ್ಟರಮ್ಮ ಒಂದು ಕಾಲಿನ ಚಪ್ಪಲಿ ಬಿಟ್ಟು, ಇನ್ನೊಂದು ಬಿಡದೆ ನಿಂತಿದ್ದಳು. ಅವಳಿಗೆ ನಾಚಿಕೆಯಾಗಿತ್ತು. ಎಡತೋಳಿಗಿಂತ ಹೆಚ್ಚಾಗಿ, ಕಾಗದ ತೆಗೆದು ಬೋಳು ಮಾಡಿದ ಆ ಕಪಾಟು ನೆನಪಾಗಿ ನಾಚಿಕೆಯಾಗಿತ್ತು. ಮೂರು ವರ್ಷವಾದರೂ ಅದಕ್ಕೆ ಬೇರೆ ಕಾಗದ ಹಾಸಿರಲಿಲ್ಲ.

"ಕ್ಯಾಂಟೀನಿಗೆ ಹೊಸಬರು ಬಂದರೆ," ಎಂದ ಗಂಡ ಮೆಲ್ಲಗೆ, "ಉಪ್ಪು ಎಲ್ಲಿದೆ ಅನ್ನೋದನ್ನೇ ನಾನು ಮೊದಲು ಹೇಳ್ತಿದ್ದೆ ಕಣೆ. ನನಗೆ ಕಣ್ಣು ಮುಚ್ಚಿದ್ರೂ ಸಿಗ್ತಿತ್ತು. ಅವರಿಗೆ?"

"ಮೂರು ವರ್ಷ ಸುಮ್ಮನಿದ್ದು ಈಗ ಹೇಳ್ತೀರಲ್ಲ."

"ಹೌದು, ನಂದೂ ತಪ್ಪೇ."

ಭಾನುವಾರ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದ ಮಾಸ್ಟರಮ್ಮ ಮೇಜಿನ ಮುಂದೆ ಕೂತು ಬರೆಯತೊಡಗಿದಳು. ತಾನು ತೋಳು ಕತ್ತರಿಸುವಾಗ ಏನೇನು ಮಾಡುತ್ತೇನೆ, ಹೇಳುವುದಷ್ಟೇ ಅಲ್ಲ, ಹೇಳದೆ ಮಾಡುವುದೂ ಸೇರಿ. ಕೈ ಒಣಗಿದೆಯೇ ನೋಡು. ಬಟ್ಟೆಯ ಹೊಳಪಿನ ಮೈ ಒಳಗೆ ಬರುವಂತೆ ಮಡಚು. ಸುಕ್ಕು ತೀಡು. ಅಂಚಿಗೆ ಅಂಚು ಕೂಡಿಸು. ಬರೆದಷ್ಟೂ ಮುಗಿಯಲಿಲ್ಲ. ಒಂದು ತೋಳಿಗೆ ಇಪ್ಪತ್ತಾರು ಸಾಲಾಯಿತು. ಇದರಲ್ಲಿ ಎಷ್ಟನ್ನು ಯಾರಿಗಾದರೂ ಬಾಯಿಬಿಟ್ಟು ಹೇಳಿದ್ದೇನೆ ಎಂದು ಎಣಿಸಿದಳು. ಐದು.

ಸೊಸೆ ಎದ್ದು ಬಂದವಳು ಮೇಜಿನ ಆಚೆ ನಿಂತಳು. ಅತ್ತೆ ಹಾಳೆಯನ್ನು ಅವಳ ಕಡೆ ತಿರುಗಿಸಿದಳು. ಸೊಸೆ ನಿಂತೇ ಓದಿದಳು, ಆಮೇಲೆ ಕುರ್ಚಿ ಎಳೆದುಕೊಂಡು ಕೂತಳು.

"ಈ ಮಡಚೋದನ್ನ ಮೆಷಿನ್ನಿಗೆ ಹೇಳೋದು ಹೇಗೆ?" ಮಾಸ್ಟರಮ್ಮ ಕೇಳಿದಳು.

"ಅದಕ್ಕೆ ಮಡಚೋಕೆ ಬರಲ್ಲ ಅತ್ತೆ. ಆದ್ರೆ ಗೆರೆ ಮಗುಚಬಹುದು. ಮಡಿಕೆ ಇಲ್ಲಿದೆ ಅಂದ್ಕೊಳ್ಳಿ. ಎಡತೋಳಿನ ಗೆರೆ ಮಡಿಕೆಯಿಂದ ಈ ಕಡೆಗೆ ಎಷ್ಟು ದೂರ ಹೋಗತ್ತೋ, ಬಲತೋಳಿಂದು ಆ ಕಡೆಗೆ ಅಷ್ಟೇ ದೂರ. ಅಗಲದ ಅಂಕಿಗೆಲ್ಲ ಮೈನಸ್ಸು."

"ಉದ್ದಕ್ಕೆ?"

"ಉದ್ದ ಹಾಗೇ ಇರತ್ತೆ."

"ಇರಲೇಬೇಕು, ಕೈಯೇನು ಗಿಡ್ಡ ಆಗಲ್ಲವಲ್ಲ," ಎಂದಳು ಮಾಸ್ಟರಮ್ಮ. ಕೀಲಿಗಳ ಮೇಲೆ ಒಂದೇ ಬೆರಳು ಹುಡುಕಾಡಿ ಹುಡುಕಾಡಿ ಬರೆಯಿತು. ಒಂದು ಸಲ ಇದ್ದ ಹಾಗೆ, ಒಂದು ಸಲ ಮಗುಚಿ. ಕ್ಯಾಂಟೀನಣ್ಣ ಇಬ್ಬರ ನಡುವೆ ಮೊಟ್ಟೆ, ಬ್ರೆಡ್ಡು ಇಟ್ಟು ಹಿಂದೆ ಸರಿದ.

ಸೋಮವಾರ ಮಾಸ್ಟರಮ್ಮ ಮೊದಲು ಒಂದೇ ಜೋಡಿ ಕತ್ತರಿಸಿದಳು. ಎಡ, ಬಲ. ಎರಡನ್ನೂ ಮಾಲೀಕನ ಮುಂದೆ ಹಿಡಿದು ನಿಂತಳು. "ತಪ್ಪು ನಂದು. ಆ ಎಂಬತ್ತು ಎಡತೋಳನ್ನ ಬಿಸಾಡೋದು ಬೇಡ. ಮುಂದಿನ ತಿಂಗಳು ಇದೇ ಬಟ್ಟೇಲಿ ಇನ್ನೂ ನಲವತ್ತು ಜಾಕೀಟು ಇದೆಯಲ್ಲ. ಈಗ ಬಲಗೈ ಮಾತ್ರ ಕತ್ತರಿಸ್ತೀನಿ, ಎಡಗೈ ಎರಡು ಆರ್ಡರಿಗೂ ಆಯ್ತು."

ಮಾಲೀಕ ತೋಳುಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಮೆಷಿನ್ ಕಡೆ ನೋಡಿದ. "ಹಾಗಾದ್ರೆ ಪ್ಯಾಕಿಂಗಿಗೆ ಬೇರೆ ಯಾರನ್ನಾದ್ರೂ ಹುಡುಕಬೇಕು," ಎಂದು ಗೊಣಗುತ್ತ ಹೋದ. ಕಾಜಾದವಳು ಈ ಸಲ ಚಪ್ಪಾಳೆ ತಟ್ಟಲಿಲ್ಲ, ಮೊದಲು ಬಲತೋಳು ಎಣಿಸಿದಳು, ಆಮೇಲೆ ತಟ್ಟಿದಳು.

ಮಾಸ್ಟರಮ್ಮ ಆ ದಿನ ಬೇಗ ಮನೆಗೆ ಬಂದಳು. ಸೊಸೆ ಕ್ಲಾಸಿಗೆ ಹೊರಡಲು ಚೀಲ ತುಂಬುತ್ತಿದ್ದಳು.

"ಏನಾಯ್ತು ಅತ್ತೆ?"

"ಮೇಜು ನಂದೇ. ಮೆಷಿನ್ನೂ ನಂದೇ."

ಸೊಸೆ ಚೀಲವನ್ನು ಹಾಗೇ ಕುರ್ಚಿಯ ಮೇಲೆ ಬಿಟ್ಟಳು. ಒಳಗಿನಿಂದ ಕ್ಯಾಂಟೀನಣ್ಣ ಸೌಟು ಹಿಡಿದೇ ಓಡಿಬಂದ. ಮಾಸ್ಟರಮ್ಮ ಅವರಿಬ್ಬರನ್ನೂ ದಾಟಿ ಬೀರುವಿನ ಬಳಿ ಹೋಗಿ, ಹತ್ತಿಬಟ್ಟೆ ಸುತ್ತಿಟ್ಟಿದ್ದ ದೊಡ್ಡ ಕತ್ತರಿಯನ್ನು ತಂದು ಸೊಸೆಯ ಮುಂದಿಟ್ಟಳು. ಹಿಡಿಗೆ ಒಂದು ಚೂರು ಬಟ್ಟೆ ಕಟ್ಟಿತ್ತು. ಅದರ ಮೇಲೆ ಕೆಂಪು ದಾರದಲ್ಲಿ ಎರಡು ಪದ ಹೊಲಿದಿತ್ತು: ಬಟ್ಟೆಗೆ ಮಾತ್ರ.

"ಮೂರು ವರ್ಷದ ಹಿಂದೆ ಕಟ್ಟಬೇಕಿತ್ತು ಇದನ್ನ," ಎಂದಳು. "ಹೇಳದೆ ಬಿಟ್ಟವಳು ನಾನು, ಬೈಸಿಕೊಂಡವಳು ನೀನು."

ಸೊಸೆ ಆ ಚೂರು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿದಳು. ಕತ್ತರಿಯನ್ನು ಮುಟ್ಟಲಿಲ್ಲ.

"ತಗೊಂಡು ಹೋಗು ಕ್ಲಾಸಿಗೆ. ಒಂದು ಬಟ್ಟೆ ಮಡಚಿ ಕತ್ತರಿಸಿ ತೋರಿಸು, ಒಂದು ಮಡಚದೆ ತೋರಿಸು. ಆ ಡಬ್ಬಿ ಪುರಾಣ ಸಾಕು."

"ಇದನ್ನ ಮನೆಯಿಂದ ಆಚೆ ತಗೊಂಡು ಹೋಗ್ಲಾ ಅತ್ತೆ? ನೀವು ಯಾರ ಕೈಗೂ..."

"ಕೊಟ್ಟಿಲ್ಲ. ಈಗ ಕೊಡ್ತಿದೀನಿ. ಹಿಡಿ. ಹೆಬ್ಬೆರಳು ಸಣ್ಣ ಕಿಂಡಿಗೆ, ಉಳಿದ ಬೆರಳು ದೊಡ್ಡದಕ್ಕೆ. ಕೆಳಗಿನ ಅಲಗು ಮೇಜು ಬಿಟ್ಟು ಏಳಬಾರದು."

"ಅದು ಗೊತ್ತು ಅತ್ತೆ, ಅವತ್ತು ಅಂಗಡೀಲಿ ನೀವು ಮಾಡೋದು ನೋಡಿದೆ."

"ಗೊತ್ತಿದ್ರೆ ಗೊತ್ತಿರ್ಲಿ," ಎಂದು ಮಾಸ್ಟರಮ್ಮ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತಳು. "ನಾನು ಹೇಳ್ತೀನಿ, ಕೇಳು."